ತೊಟ್ಟಿಯ ಒಳಗೋ, ಹೊರಗೋ

ಅಂಜುಗಮ್ಮನಿಗೆ ಪಾರ್ಶ್ವವಾಯು ಬಡಿದು ಏಳು ತಿಂಗಳಾಗಿತ್ತು. ಮಾತು ಮರಳಿತ್ತು, ಕಾಲು ಮರಳಿತ್ತು. ಬಲಗೈ ಮಾತ್ರ ಯಾರೋ ಇಟ್ಟುಹೋದ ವಸ್ತುವಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು, ದಿನಾ ನೀರಿನಲ್ಲಿ ಕೈ ಆಡಿಸಿದರೆ ಒಳ್ಳೆಯದು ಎಂದಳು. ಬಕೆಟ್ಟಿನ ಮುಂದೆ ಕೂರಲು ಮುದುಕಿ ಸುತಾರಾಂ ಒಪ್ಪಲಿಲ್ಲ. ಕೊನೆಗೆ ಮಗ ಕದಿರೇಶನ್ ಹಜಾರದಲ್ಲಿದ್ದ ಗಾಜಿನ ಮೀನಿನ ತೊಟ್ಟಿಯ ಮುಚ್ಚಳ ತೆಗೆದು, ಪಕ್ಕಕ್ಕೊಂದು ಸ್ಟೂಲು ಹಾಕಿದ.

ಎಡಗೈಯಿಂದ ಬಲಗೈಯನ್ನು ಎತ್ತಿ ನೀರಿಗಿಳಿಸಿದರೆ ಸಾಕು, ಕೆಂಪು ಮೀನುಗಳೆಲ್ಲ ಓಡಿಬಂದು ಬೆರಳಿಗೆ ಬಾಯಿ ಹಾಕುತ್ತಿದ್ದವು. ಮುದುಕಿಗೆ ಅದೇ ಹುಚ್ಚಾಯಿತು. ದಿನಕ್ಕೆ ಹತ್ತು ಸಲವಾದರೂ ಸ್ಟೂಲಿನ ಮೇಲೆ ಕೂರುವಳು.

ಅವರಿದ್ದದ್ದು ಚೆನ್ನೈನ ಕೊಳತ್ತೂರಿನಲ್ಲಿ. ಬೀದಿಗೆ ನಾಲ್ಕು ಸಾಕುಮೀನಿನ ಅಂಗಡಿ. ಕದಿರೇಶನ್ ಮೂವತ್ತು ವರ್ಷ ಕಾರ್ಖಾನೆಯಲ್ಲಿ ತಗಡು ಬಡಿದವನು. ಮನೆಯಲ್ಲಾದರೂ ಕಿವಿ ತಣ್ಣಗಿರಲಿ ಎಂದು ತೊಟ್ಟಿಗೆ ನೀರೊಳಗೇ ಮುಳುಗಿ ಕೂರುವ ಪಂಪು ಹಾಕಿಸಿದ್ದ. ಅದರ ಸದ್ದನ್ನು ನೀರೇ ನುಂಗುತ್ತಿತ್ತು.

ಬೇಸಿಗೆಯ ಚಿತ್ತಿರೈ ತಿಂಗಳ ಒಂದು ಬೆಳಿಗ್ಗೆ ಮುದುಕಿ ಕೂಗಿಕೊಂಡಳು.

"ಕದಿರಾ! ಬಾರೋ ಬೇಗ! ಕೈ ಜುಂ ಅಂತಿದೆ ಕಣೋ! ಜೀವ ಬಂತು ಕಣೋ ಕೈಗೆ!"

ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಸೊಸೆ ವಾಸುಕಿ ಒಲೆ ಆರಿಸಿ ಓಡಿಬಂದವಳು ಹಾಗೇ ಮುರುಗನ ಪಟದ ಮುಂದೆ ಕರ್ಪೂರ ಹಚ್ಚಿದಳು. 

ಮಧ್ಯಾಹ್ನ ವಾಸುಕಿ ನೆಲ ಒರೆಸಿದ್ದಳು. ಕದಿರೇಶನ್ ಬರಿಗಾಲಲ್ಲಿ ನಿಂತು, ತೊಟ್ಟಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಎಲೆ ತೆಗೆಯಲು ಕೈ ಹಾಕಿದ. ಮಣಿಕಟ್ಟಿನವರೆಗೂ ಜುಂ ಎಂದಿತು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಟೆಸ್ಟರ್ ತಂದು ತುದಿಯನ್ನು ನೀರಿಗೆ ತಾಗಿಸಿದ. ಕೆಂಪು ದೀಪ ಹತ್ತಿತು. ಪ್ಲಗ್ಗು ಕಿತ್ತು ಪಂಪನ್ನು ಮೇಲೆತ್ತಿ ನೋಡಿದರೆ, ವೈರು ಮೋಟರಿನೊಳಕ್ಕೆ ಹೋಗುವಲ್ಲಿ ರಬ್ಬರು ಬಿರಿದಿತ್ತು.

"ಯಾಕೋ ನಿಲ್ಲಿಸ್ದೆ?" ಎಂದಳು ತಾಯಿ, ಬಾಗಿಲಿಗೆ ಬಂದು.

"ತೊಳೀಬೇಕಮ್ಮಾ," ಎಂದ ಕದಿರೇಶನ್. ಪಂಪನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟ.

ಅಂಗಡಿಯ ಶಾಹುಲ್ ಭಾಯ್ ಎರಡು ಬಗೆಯ ಪಂಪನ್ನೂ ಮೇಜಿನ ಮೇಲಿಟ್ಟ. "ಅಣ್ಣಾ, ಒಳಗಿಡೋದು ಕೆಟ್ಟದ್ದಲ್ಲ. ನಿಮ್ದು ಹಳೇದಾಗಿತ್ತು ಅಷ್ಟೆ. ಹೊಸದು ತಗೊಳ್ಳಿ, ಕರೆಂಟು ಸೋರಿದ್ರೆ ತಾನೇ ಕಡಿಯೋ ಸ್ವಿಚ್ಚು ಹಾಕ್ಸಿ. ಕೈ ಹಾಕೋ ಮುಂಚೆ ಆಫ್ ಮಾಡಿ, ಮುಗೀತು."

"ಮತ್ತೆ ಹೊರಗಿಡೋದು?"

"ತೊಟ್ಟಿ ಕೆಳಗೆ ಕೂರುತ್ತೆ. ಪೈಪಿಂದ ನೀರು ಎಳ್ಕೊಂಡು ವಾಪಸ್ ಬಿಡುತ್ತೆ. ನೀರಿಗೆ ಮೋಟರಿನ ಬಿಸಿ ಅಷ್ಟು ತಾಗಲ್ಲ, ಬಿಸಿಲುಗಾಲಕ್ಕೆ ಮೀನಿಗೆ ಸುಖ. ಆದ್ರೆ ಗುಂಯ್ ಅನ್ನುತ್ತೆ. ಪೈಪಿನ ಜೋಡಣೆ ಆಗಾಗ ನೋಡ್ತಿರ್ಬೇಕು, ಸೋರಿದ್ರೆ ಹಜಾರವೇ ಕೆರೆ. ನಿಮ್ಮ ಕಿವಿ ನಂಗೊತ್ತು. ಒಳಗಿಂದೇ ಇರ್ಲಿ."

ಕದಿರೇಶನ್ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. ದಿನಕ್ಕೆ ಹತ್ತು ಸಲ ನೀರಿಗೆ ಕೈ ಹಾಕುವ ಮುದುಕಿ ಹತ್ತು ಸಲವೂ ನೆನಪಿಟ್ಟು ಸ್ವಿಚ್ಚು ಆರಿಸುತ್ತಾಳೆಯೇ? ಇರುವುದೇ ಒಂದು ಕೈ.

"ಹೊರಗಿಡೋದೇ ಕೊಡು ಭಾಯ್. ಆ ಸ್ವಿಚ್ಚೂ ಇರ್ಲಿ."

ಹೊಸ ಪಂಪು ಗುಂಯ್ ಎನ್ನತೊಡಗಿದಾಗ ವಾಸುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಾರ್ಖಾನೆ ಬಿಟ್ಟು ಬಂದ್ರಿ ಅಂದ್ಕೊಂಡಿದ್ದೆ. ಅದನ್ನೇ ಮನೆಗೆ ಹೊತ್ಕೊಂಡು ಬಂದ್ರಲ್ರೀ!" ಕದಿರೇಶನ್ ಅದರಡಿ ರಬ್ಬರು ಹಾಳೆ ಹಾಸಿ, ತನ್ನ ಕುರ್ಚಿಯನ್ನು ಜಗಲಿಗೆ ಸಾಗಿಸಿದ.

ಮುದುಕಿ ಅಂದು ಅರ್ಧ ಗಂಟೆ ನೀರಲ್ಲಿ ಕೈಯಿಟ್ಟು ಕಾದಳು. ಮಾರನೆಯ ದಿನ ಒಂದು ಗಂಟೆ. ಮೂರನೆಯ ದಿನ ಸ್ಟೂಲಿನ ಹತ್ತಿರವೂ ಸುಳಿಯಲಿಲ್ಲ.

"ಹಳೇ ಪಂಪೇ ಹಾಕೋ ಕದಿರಾ. ಅದಿದ್ದಾಗ ಕೈಗೆ ಜೀವ ಬರ್ತಿತ್ತು."

ಇನ್ನು ಮುಚ್ಚಿಡಲಾಗಲಿಲ್ಲ. ತಾಯಿಯ ಕಾಲ ಬಳಿ ಕುಳಿತು ಹೇಳಿದ. ವೈರು ಬಿರಿದದ್ದು, ಟೆಸ್ಟರ್ ಹತ್ತಿದ್ದು, ಎಲ್ಲವನ್ನೂ.

ಅಂಜುಗಮ್ಮ ತನ್ನ ಕೈಯನ್ನು ನೋಡಿಕೊಂಡಳು. "ಅಂದ್ರೆ ಅದು ಕರೆಂಟು."

"ಹೂಂ ಅಮ್ಮಾ."

"ಎರಡು ದಿನ ನನ್ನ ಮಂಗನ್ನ ಮಾಡಿ ಕೂರಿಸ್ದೆ. ನಿಮ್ಮಪ್ಪನೂ ಹೀಗೇ, ಕೆಟ್ಟ ಸುದ್ದಿ ಅಂದ್ರೆ ಬಾಯಿಗೆ ಬೀಗ." ಮುಖ ಆಚೆ ತಿರುಗಿಸಿಕೊಂಡಳು. ಮಧ್ಯಾಹ್ನದ ಊಟವನ್ನೂ ಮುಟ್ಟಲಿಲ್ಲ. ಸಂಜೆ ತಾನಾಗಿಯೇ ಕರೆದಳು.

"ಕೈ ಹಾಕಿದಾಗ ನಿಂಗೂ ಜುಂ ಅಂತಾ?"

"ಅಂತು."

"ನಿನ್ನ ಗಟ್ಟಿ ಕೈಗೂ ಅಂತು, ನನ್ನ ಈ ಕೈಗೂ ಅಂತು. ಸತ್ತ ಕೈಗೆ ಹೇಗೋ ಗೊತ್ತಾಗುತ್ತೆ?"

ಕದಿರೇಶನ್‌ಗೆ ಇದು ಹೊಳೆದೇ ಇರಲಿಲ್ಲ. ಮರುದಿನ ವ್ಯಾಯಾಮದ ಹೆಂಗಸು ಬಂದಾಗ ಕೇಳಿದ. ಅವಳು ಮುದುಕಿಯ ಕಣ್ಣು ಮುಚ್ಚಿಸಿ ಒಂದೊಂದೇ ಬೆರಳು ಚಿವುಟಿ ನೋಡಿದಳು. "ಸ್ಪರ್ಶ ಇದೆ ಅಜ್ಜಿ. ಅಲ್ಲಾಡುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ."

"ನಿನ್ನ ಮಾತು ಯಾರಿಗೆ ಬೇಕು," ಎಂದು ಅಂಜುಗಮ್ಮ ಸ್ಟೂಲಿನತ್ತ ಕಾಲೆಳೆಯುತ್ತ ನಡೆದಳು.

ಐದಾರು ತಿಂಗಳಾಗಿ ಪುರಟ್ಟಾಸಿ ಮಾಸ ಕಳೆಯುವ ಹೊತ್ತಿಗೆ ಹೆಬ್ಬೆರಳು ತುಸು ಬಾಗತೊಡಗಿತು. ಉಳಿದ ನಾಲ್ಕು ಬಾಗಲೇ ಇಲ್ಲ. ಮುದುಕಿ ಎಡಗೈಯಲ್ಲಿ ಉಣ್ಣುವುದನ್ನು ಕಲಿತಳು, ಆದರೆ ಮನೆಗೆ ಬಂದವರಿಗೆಲ್ಲ ಆ ಹೆಬ್ಬೆರಳನ್ನೇ ತೋರಿಸುತ್ತಿದ್ದಳು.