ಚೊಂಬಿನಲ್ಲಿ ಹಿಡಿದ ಮಳೆ

ಚಿಮಣಿ, ಲಾರಿಗಳ ಹೊಗೆ ಮೋಡದ ನೀರಿಗೆ ಸೇರಿ ಆಮ್ಲವಾಗುತ್ತದೆ, ಮಳೆಯಾಗಿ ನಮ್ಮ ತಲೆಯ ಮೇಲೇ ಸುರಿಯುತ್ತದೆ ಎಂದು ಹೊಸಕೋಟೆಯ ಶಾಲೆಯಲ್ಲಿ ಪಾಠ ಹೇಳುವವಳು ನಾನು. ಈ ಸಲ ಸಮೇತನಹಳ್ಳಿಯ ನಮ್ಮ ಅಂಗಳದಲ್ಲೇ ನೋಡಿಬಿಡೋಣವೆಂದು ಅತ್ತೆ ಕೊಟ್ಟ ಹಿತ್ತಾಳೆ ಚೊಂಬಿನಲ್ಲಿ ಮಳೆನೀರು ಹಿಡಿದೆ. ಕೆಂಪು ಎಲೆಕೋಸು ಬೇಯಿಸಿದ ನೇರಳೆ ನೀರನ್ನು ಅದಕ್ಕೆ ಸುರಿದೆ. ಹುಳಿಯಿದ್ದರೆ ಅದು ಕೆಂಪಾಗುತ್ತದೆ. ಆಗಿಯೇ ಬಿಟ್ಟಿತು!

"ನೋಡ್ರೀ, ನಿಮ್ಮ ಫ್ಯಾಕ್ಟರಿ ಹೊಗೆ ಮಾಡಿರೋ ಕೆಲಸ!" ಎಂದು ಗಂಡ ಅಮರ್ ಮೇಲೆ ಹರಿಹಾಯ್ದೆ. ಅವರು ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ.

"ಚೊಂಬು ಹೆಂಗೆ ಹೊಳೀತೈತೆ ನೋಡವ್ವ," ಎಂದರು ಅತ್ತೆ ಸಪ್ಪಲಮ್ಮ. "ಹುಣಸೆಹಣ್ಣು ಹಾಕಿ ತಿಕ್ಕಿ ಹಂಗೇ ಕೊಟ್ಟೆ. ಮಳೆನೇ ತೊಳೀಲಿ ಅಂತ."

ಅಮರ್ ಬಿದ್ದು ಬಿದ್ದು ನಕ್ಕರು. ನಾನು ಸಿಟ್ಟಿನಲ್ಲೇ ಗಾಜಿನ ಲೋಟ ತೊಳೆದು ಮಳೆಗಿಟ್ಟೆ. ಈ ಸಲ ಅದಕ್ಕೆ ಸುರಿದ ಎಲೆಕೋಸಿನ ನೀರು ನೇರಳೆಯಾಗಿಯೇ ಉಳಿಯಿತು.

ಲೋಟ ಎತ್ತಿ ನೋಡುತ್ತಿದ್ದ ಅಮರ್ ಅವರ ನಗು ನಿಂತಿತು.

"ನಮ್ಮಲ್ಲಿ ಹೊಗೆ ತೊಳೆಯೋ ಪಂಪು ಕೆಟ್ಟು ಕೂತೈತೆ ಕಣೇ. ನಾವೂ ಅಮ್ಮನ ಥರಾನೇ, ಮಳೆನೇ ತೊಳೀಲಿ ಅಂತ ಬಿಟ್ಟಿದ್ವಿ. ಇವತ್ತು ನೇರಳೆ ಐತೆ, ನಾಳೆ ಇದೂ ಕೆಂಪಾದ್ರೆ?"

ಪಂಪು ರಿಪೇರಿ ಮಾಡಿಸಲು ಮಳೆ ನಿಲ್ಲುವುದನ್ನೂ ಕಾಯದೆ ಫ್ಯಾಕ್ಟರಿಗೆ ಬೈಕ್ ಹತ್ತಿದರು.