ಎಂಟು ತುಂಡಿನ ಪ್ರಾಣಿ

ಕಾರಾಕೋಲ್ ಊರಿನ ಮಕ್ಕಳ ಗ್ರಂಥಾಲಯ ನೋಡಿಕೊಳ್ಳುವ ಕಾಲಿಪಾ ಎಜೆ, ಅಂದರೆ ಕಾಲಿಪಾ ಅಕ್ಕ, ಮೂರನೆಯ ಸಲವೂ ತಲೆ ಅಲ್ಲಾಡಿಸಿದಾಗ ನುರ್ಜಾತ್‌ಳಿಗೆ ಅಳುವೇ ಬಂದಂತಾಯಿತು.

"ಚೆನ್ನಾಗಿಲ್ಲ ಅಂತಲ್ಲ ಕಣೇ. ಇದು ಗೂಬೆ. ನೋಡಿದ ತಕ್ಷಣ ಮಗು 'ಗೂಬೆ' ಅಂದ್ಬಿಡುತ್ತೆ, ಅಲ್ಲಿಗೆ ಮುಗೀತು. ಹೋದ ವಾರ ನರಿ ತಂದೆ, ಅದಕ್ಕೆ ಮುಂಚೆ ಕುರಿಮರಿ. ಇನ್ನು ಹಿಮಚಿರತೆ ತಂದ್ಯೋ, ಬಾಗ್ಲು ಹಾಕ್ಕೋತೀನಿ."

"ಎಂಟೇ ತುಂಡು ಕೊಟ್ಟು, ಯಾರೂ ಕಾಣದ ಪ್ರಾಣಿ ಮಾಡು ಅಂದ್ರೆ ಎಲ್ಲಿಂದ ತರ್ಲಿ ಎಜೆ?"

"ಅದು ಗೊತ್ತಿದ್ದಿದ್ರೆ ನಾನೇ ಮಾಡ್ತಿದ್ದೆ."

ಶರತ್ಕಾಲಕ್ಕೆ ಶಾಲೆ ತೆರೆದಾಗ ಗ್ರಂಥಾಲಯಕ್ಕೆ ಬರುವ ಪ್ರತಿ ಮಗುವಿಗೂ ಒಂದು ಬಟ್ಟೆಯ ಚೀಲ ಕೊಡಬೇಕೆಂದು ಕಾಲಿಪಾ ಎಜೆಯ ಆಸೆ. ಚೀಲದೊಳಗೆ ಉಣ್ಣೆಕಂಬಳಿಯಲ್ಲಿ ಕತ್ತರಿಸಿದ ಎಂಟು ತುಂಡುಗಳು: ದೊಡ್ಡದೊಂದು ಸಣ್ಣದೊಂದು ವೃತ್ತ, ಹಾಗೆಯೇ ಎರಡು ಅರ್ಧವೃತ್ತ, ಮೂರು ತ್ರಿಕೋನ, ಉದ್ದನೆಯ ಒಂದು ಆಯತ. ಅವನ್ನು ಜೋಡಿಸಿದರೆ ಗ್ರಂಥಾಲಯದ್ದೇ ಆದ ಒಂದು ಪ್ರಾಣಿ ಎದ್ದು ನಿಲ್ಲಬೇಕು. ಅದರ ರೂಪವನ್ನು ಕಂಪ್ಯೂಟರಿನಲ್ಲಿ ಮೊದಲು ಕಟ್ಟಿಕೊಡುವುದು, ಊರಿನವರಿಗೆ ಬೋರ್ಡು, ಚಿತ್ರಗಳನ್ನು ಮಾಡಿಕೊಡುವ ನುರ್ಜಾತ್‌ಳ ಪಾಲಿಗೆ ಬಂದ ಕೆಲಸ. ತುಂಡುಗಳನ್ನು ತಿರುಗಿಸಬಹುದು, ಒಂದರ ಹಿಂದೆ ಇನ್ನೊಂದನ್ನು ಇಡಬಹುದು. ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ. ಕಂಪ್ಯೂಟರಿನಲ್ಲಾದರೆ ಒಂದು ಮೂಲೆ ಹಿಡಿದು ಎಳೆದರೆ ಸಾಕು, ಯಾವ ಆಕಾರವಾದರೂ ಬೇಕಾದಷ್ಟು ಬೆಳೆಯುತ್ತದೆ. ಹಾಗೆ ಎಳೆಯದೆ ಕೈ ಬಿಗಿಹಿಡಿದು ಕೂರುವುದೇ ಅವಳಿಗೆ ಕಷ್ಟವಾಗಿತ್ತು.

ಮನೆಯಲ್ಲಿ ಅವಳ ಮೇಜಿದ್ದುದು ಬೆಳಗಿನ ಬಿಸಿಲು ಬೀಳುವ ಕೋಣೆಯಲ್ಲಿ. ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಾವ ಜುಮಾದಿಲ್ ಕೂರುತ್ತಿದ್ದ. ಹಿರಿಯರನ್ನು ಕರೆಯುವಂತೆ ಅವಳು ಅವನನ್ನು 'ಅತಾ' ಎನ್ನುತ್ತಿದ್ದಳು. ನಲವತ್ತು ವರ್ಷ ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ ಅವನದು. ಕ್ಷೌರದಂಗಡಿ, ಔಷಧಿ ಅಂಗಡಿ, ಬಸ್ಸಿನ ಹಣೆಯ ಮೇಲಿನ ಅಂಕಿಗಳು, ಎಲ್ಲವೂ ಅವನ ಕುಂಚದಲ್ಲೇ ಹುಟ್ಟಿದ್ದವು. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು. ಅಷ್ಟೂ ಮಾತಿನಲ್ಲಿ ಯಾಕೋ 'ಬೇಡ' ಎಂಬುದೊಂದು ಮಾತ್ರ ಉಳಿದುಕೊಂಡಿತು. ಚಹಾ ಕೊಡಲೇ ಎಂದರೆ "ಬೇಡ" ಎನ್ನುತ್ತಲೇ ಬಟ್ಟಲು ಮುಂದೆ ಚಾಚುತ್ತಿದ್ದ. ಮಗ, ಅಂದರೆ ನುರ್ಜಾತ್‌ಳ ಗಂಡ ಮೆಲಿಸ್, ಕೆಲಸಕ್ಕೆ ಹೊರಟಾಗ ಬಾಗಿಲ ತನಕ ಕಣ್ಣಿನಲ್ಲೇ ಕಳಿಸಿ, "ಬೇಡ, ಬೇಡ" ಎಂದು ಹರಸುತ್ತಿದ್ದ. ಯಾವ 'ಬೇಡ' ಯಾವುದು ಎಂಬುದನ್ನು ಮನೆಯವರು ದನಿಯಲ್ಲೇ ಗುರುತಿಸಬೇಕಿತ್ತು.

ಮಾವ ಸೊಸೆಯ ನಡುವೆ ಆಡದೆ ಉಳಿದ ಮಾತೊಂದಿತ್ತು. ಬಜಾರಿನ ಬೇಕರಿಗೆ ಜುಮಾದಿಲ್ ಬರೆದ ಬೋರ್ಡು ಊರಿಗೇ ಹೆಸರಾಗಿತ್ತು. ಬೇಕರಿಯ ಹೊಸ ಯಜಮಾನ ಅದು ಹಳೆಯದಾಯಿತೆಂದು ನುರ್ಜಾತ್‌ಳ ಕೈಲಿ ಫ್ಲೆಕ್ಸ್ ಮಾಡಿಸಿ ಆ ಬೋರ್ಡಿನ ಮೇಲೆಯೇ ಮೊಳೆ ಹೊಡೆಸಿದ್ದ. ಅವಳಾಗ ಮದುವೆಯಾಗಿ ಬಂದ ಹೊಸತು. ಬಂದ ಕೆಲಸ ಬಿಡಲು ಧೈರ್ಯವಿರಲಿಲ್ಲ. ಅಂದು ಜುಮಾದಿಲ್ ಬಜಾರಿನಿಂದ ಬಂದು, ಕೈಕಾಲು ತೊಳೆದು, ಏನೂ ಹೇಳದೆ ಊಟಕ್ಕೆ ಕೂತಿದ್ದ. ಆಮೇಲೂ ಹೇಳಲಿಲ್ಲ. ಈಗ ಹೇಳುವ ಹಾಗೂ ಇರಲಿಲ್ಲ.

ಗೂಬೆ ವಾಪಸಾದ ಮರುದಿನ ಬೆಳಿಗ್ಗೆ ನುರ್ಜಾತ್ ಎಂಟೂ ತುಂಡುಗಳನ್ನು ಪರದೆಯ ಮೇಲೆ ಹರಡಿಕೊಂಡು ಕೂತಳು. ದೊಡ್ಡ ವೃತ್ತ ಹೊಟ್ಟೆ, ಸಣ್ಣದು ತಲೆ. ತ್ರಿಕೋನಗಳಲ್ಲಿ ಎರಡು ಕಿವಿ, ಒಂದು ಕೊಕ್ಕು. ನೋಡುನೋಡುತ್ತಿದ್ದಂತೆ ಕೋಳಿಯಾಯಿತು.

"ಬೇಡ" ಎಂದಿತು ಹಿಂದಿನಿಂದ ಒಂದು ದನಿ.

"ಬೇಡ ಅಂತ ನಂಗೂ ಗೊತ್ತು ಅತಾ. ಕಾಲಿಪಾ ಎಜೆನೂ ಅದೇ ಅಂತಾರೆ. ಇಬ್ರೂ ಮಾತಾಡ್ಕೊಂಡಿದೀರೇನು?"

ಕುರ್ಚಿ ಕಿರುಗುಟ್ಟಿತು. ಜುಮಾದಿಲ್ ಕೋಲೂರಿಕೊಂಡು ಬಂದು ಅವಳ ಪಕ್ಕ ನಿಂತಿದ್ದ. ಅವಳು ಎದ್ದು ಜಾಗ ಬಿಟ್ಟಳು. ಅವನು ಕೂತು, ಎಡಗೈಯನ್ನು ಮೌಸಿನ ಮೇಲೆ ಇಟ್ಟ. ಅದುವರೆಗೆ ಅವನು ಆ ಯಂತ್ರವನ್ನು ಮುಟ್ಟಿರಲಿಲ್ಲ.

ಬಾಣ ಪರದೆಯ ಮೇಲೆ ಕುಡಿದವನ ಹಾಗೆ ಓಡಾಡಿತು. ಒತ್ತಿ ಹಿಡಿದು ಎಳೆಯಬೇಕೆಂದು ಅವಳು ತೋರಿಸಿಕೊಟ್ಟಳು. ಎರಡು ಸಲ ತುಂಡು ಕೈಜಾರಿತು. ಮೂರನೆಯ ಸಲ ಅವನು ಕೊಕ್ಕನ್ನು ಹಿಡಿದು ಮುಖದಿಂದ ಎಳೆದು ದೂರ ಹಾಕಿದ.

"ಅಯ್ಯೋ, ಬಾಯಿ ಕಿತ್ತಾಕ್ಬಿಟ್ರಲ್ಲ!"

ಅವನು ಲೆಕ್ಕಿಸಲಿಲ್ಲ. ದೊಡ್ಡ ಅರ್ಧವೃತ್ತದತ್ತ ಬೆರಳು ತೋರಿಸಿ, ಗಾಳಿಯಲ್ಲಿ ಅಂಗೈಯನ್ನು ಮಗುಚಿದ. ಅವಳು ಅದನ್ನು ತಿರುಗಿಸಿ ಮೇಲ್ಮುಖ ಮಾಡಿದಳು. ಬಟ್ಟಲಿನಂತಾಯಿತು. ಅದರಡಿ ಎರಡು ತ್ರಿಕೋನಗಳನ್ನು ಕಾಲುಗಳಾಗಿ ಸೇರಿಸಿದ. ಒಂದು ಬದಿಯಲ್ಲಿ ಆಯತವನ್ನು ಕತ್ತಾಗಿ ನಿಲ್ಲಿಸಿ, ಅದರ ತುದಿಗೆ ಸಣ್ಣ ಅರ್ಧವೃತ್ತವನ್ನು ತಲೆಯಾಗಿ ಇಟ್ಟ. ತಲೆ ನೆಟ್ಟಗಿರಲಿಲ್ಲ, ಒಳಕ್ಕೆ ವಾಲಿತ್ತು. ನುರ್ಜಾತ್ ಸರಿಮಾಡಲು ಕೈಹಾಕಿದಳು. ಅವನು ಅವಳ ಕೈಯನ್ನು ಮೆಲ್ಲಗೆ ತಟ್ಟಿದ.

"ಆಯ್ತಪ್ಪ, ಮುಟ್ಟಲ್ಲ."

ಸಣ್ಣ ವೃತ್ತ ಕಣ್ಣಾಯಿತು, ಒಂದೇ ಕಣ್ಣು. ದೊಡ್ಡ ವೃತ್ತ ಬಟ್ಟಲಿನ ಹಿಂದಕ್ಕೆ ಸರಿದು, ಮೇಲರ್ಧ ಮಾತ್ರ ಕಾಣುವಂತೆ ಕೂತಿತು. ಕೊನೆಗೆ ಉಳಿದದ್ದು ಆ ಕೊಕ್ಕು. ಅದನ್ನು ಎತ್ತಿಕೊಂಡು ಅವನು ತುಂಬ ಹೊತ್ತು ಪರದೆಯ ತುಂಬ ಅಲೆದಾಡಿಸಿದ. ಬೆನ್ನ ಮೇಲಿಟ್ಟ, ತೆಗೆದ. ಬಾಲದಲ್ಲಿಟ್ಟ, ತೆಗೆದ. ಆಮೇಲೆ ತಲೆಯ ಮೇಲೆ ಒಂಟಿ ಕಿವಿಯಾಗಿ ನಿಲ್ಲಿಸಿ ಮೌಸಿನಿಂದ ಕೈ ತೆಗೆದ. ಹಣೆಯ ಮೇಲೆ ಬೆವರಿತ್ತು.

ನುರ್ಜಾತ್ ದಿಟ್ಟಿಸಿ ನೋಡಿದಳು. ಮೇಕೆಯಲ್ಲ, ಆಮೆಯಲ್ಲ, ಹಕ್ಕಿಯಲ್ಲ. ಏನನ್ನೋ ಮಡಿಲಲ್ಲಿ ಇಟ್ಟುಕೊಂಡು, ಅದು ಹೇಳುವುದಕ್ಕೆ ತಲೆಬಾಗಿಸಿ ಕಿವಿಗೊಟ್ಟು ಕೂತ ಜೀವ. ಬಾಯಿ ಇಲ್ಲದ್ದರಿಂದ ನಡುವೆ ಮಾತು ಹಾಕುವ ಪ್ರಾಣಿಯಲ್ಲ ಎಂಬುದು ಸ್ಪಷ್ಟವಿತ್ತು.

ಇಷ್ಟು ದಿನ ನುಂಗಿಕೊಂಡದ್ದು ತಾನಾಗಿ ಹೊರಬಂತು.

"ಅತಾ, ಆ ಬೇಕರಿ ಬೋರ್ಡು... ನಾನು ಆಗ್ಲೇ ಬಂದು ನಿಮ್ಮನ್ನ ಕೇಳ್ಬೇಕಿತ್ತು. ಹೆದ್ರಿಕೆ ಆಯ್ತು. ನಿಮ್ಮ ಅಕ್ಷರದ ಮೇಲೆ ಮೊಳೆ ಹೊಡೆಸ್ದೆ. ಬೈದಿದ್ರೆ ಚೆನ್ನಾಗಿರ್ತಿತ್ತು."

ಜುಮಾದಿಲ್ ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. "ಬೇಡ" ಎಂದ, ಬಲು ಮೆತ್ತಗೆ. ಮಗು ಎಡವಿ ಬಿದ್ದಾಗ ಎತ್ತಿಕೊಂಡು ಸಮಾಧಾನ ಮಾಡುವ ದನಿ. ಎಡಗೈಯಿಂದ ಅವಳ ತಲೆಯನ್ನೊಮ್ಮೆ ಸವರಿದ. ಆಮೇಲೆ ಖಾಲಿ ಚಹಾ ಬಟ್ಟಲನ್ನು ಅವಳ ಮುಂದೆ ತಳ್ಳಿದ. ಅವಳು ಅಳುತ್ತಲೇ ನಕ್ಕು ಒಲೆಯ ಕಡೆ ಹೋದಳು.

ಗ್ರಂಥಾಲಯದಲ್ಲಿ ಕಾಲಿಪಾ ಎಜೆ ಕನ್ನಡಕ ಏರಿಸಿ, ಇಳಿಸಿ, ನುರ್ಜಾತ್ ಮುದ್ರಿಸಿ ತಂದ ಕಾಗದವನ್ನು ದೂರ ಹಿಡಿದು ನೋಡಿದರು.

"ಬಾಯೆಲ್ಲೇ?"

"ಇಲ್ಲ ಎಜೆ. ಇದು ಬರೀ ಕೇಳಿಸ್ಕೊಳ್ಳೋ ಪ್ರಾಣಿ."

"ಮಡಿಲಲ್ಲಿರೋದು ಏನು? ರೊಟ್ಟಿನಾ?"

"ಮಕ್ಕಳನ್ನೇ ಕೇಳಿ."

ಎಜೆ ಕಾಗದವನ್ನು ಮೇಜಿನ ಮೇಲೆ ಹರವಿದರು. ಗಟ್ಟಿಯಾಗಿ ಓದು ಎಂದರೆ ಬಾಯಿ ಬಿಡದ ಮಕ್ಕಳು ಅವರ ಗ್ರಂಥಾಲಯದಲ್ಲಿ ಹತ್ತಾರು ಇದ್ದರು. ತಪ್ಪು ಓದಿದರೆ ನಗುತ್ತಾರೆಂಬ ಭಯ. "ನಗೋಕೆ ಇದಕ್ಕೆ ಬಾಯೇ ಇಲ್ವಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಮೇಜಿಗೆ ಗುದ್ದಿದರು. "ಆಯ್ತು ಕಣೇ! ಇದೇ ಇರ್ಲಿ. ಗೋಡೆ ಮೇಲೂ ಇದರ ಚಿತ್ರ ಹಾಕಿಸ್ತೀನಿ, ಅದರ ಕೆಳಗೆ ನಿನ್ನ ಹೆಸರು ಬರೀಬೇಕು."

"ನನ್ನದಲ್ಲ ಎಜೆ, ನಾನು ಮಾಡಿದ್ದಲ್ಲ."

"ಮತ್ತೆ ಯಾರದು?"

ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನುರ್ಜಾತ್ ಪೆನ್ನು ತೆಗೆದುಕೊಂಡು ಕಾಗದದ ಅಂಚಿನಲ್ಲಿ ದುಂಡಗೆ ಬರೆದುಕೊಟ್ಟಳು. ಎಜೆ ಓದಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಗ್ರಂಥಾಲಯದ ಹಳೆಯ ಬಾಗಿಲ ಮೇಲೆ ಅಕ್ಷರ ಬರೆದವನೂ ಅವನೇ ಆಗಿದ್ದ.

ಸೆಪ್ಟೆಂಬರಿನಲ್ಲಿ ಚೀಲ ಹಂಚುವ ದಿನ ಮೆಲಿಸ್ ರಜೆ ಹಾಕಿ ಅಪ್ಪನನ್ನು ಕರೆತಂದ. ಮಕ್ಕಳು ನೆಲದ ಮೇಲೆ ತುಂಡುಗಳನ್ನು ಸುರಿದುಕೊಂಡು ಕೂತರು. ಪ್ರಾಣಿಗೆ ಕುಲಾಕ್ಚಾ, ಅಂದರೆ ಪುಟ್ಟಕಿವಿ, ಎಂದು ಹೆಸರಿಡಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಡಿಲಲ್ಲಿರುವುದು ಚಂದ್ರ ಎಂದು ಕೆಲವರು, ಮೊಟ್ಟೆ ಎಂದು ಕೆಲವರು. ಜಗಳವೇ ಆಯಿತು.

ಜಿಬೆಕ್ ಎಂಬ ಹುಡುಗಿ ಮಾತ್ರ ತನ್ನ ಕುಲಾಕ್ಚಾವನ್ನು ಎತ್ತಿಕೊಂಡು ಮೂಲೆಗೆ, ಜುಮಾದಿಲ್ ಕೂತಿದ್ದ ಬೆಂಚಿನ ಬಳಿಗೆ ಬಂದಳು. ಒಂದೊಂದೇ ತುಂಡನ್ನು ಬೆಂಚಿನ ಮೇಲೆ ಮತ್ತೆ ಜೋಡಿಸಿದಳು. ಮಾತಾಡಿದರೆ ತೊದಲುವ ಮಗು ಅದು. ಎರಡು ವರ್ಷದಿಂದ ತರಗತಿಯಲ್ಲಿ ಒಂದು ಸಾಲನ್ನೂ ಓದಿರಲಿಲ್ಲ.

"ಅತಾ, ಸ್-ಸ್ವಲ್ಪ ಆ ಕಡೆ ಜರುಗಿ. ಇದಕ್ಕೆ ಓ-ಓದಿ ಹೇಳ್ಬೇಕು."

ಜುಮಾದಿಲ್ ಜರುಗಿ ಜಾಗ ಕೊಟ್ಟ. ಹುಡುಗಿ ಪುಸ್ತಕ ತೆರೆದು, ಬೆರಳಿಟ್ಟು, ಮೊದಲ ಪದದ ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡಳು. ಯಾರೂ ಪದವನ್ನು ಎತ್ತಿ ಕೊಡಲಿಲ್ಲ. ಅವಳು ಬಿಟ್ಟು, ಉಸಿರೆಳೆದು, ಮತ್ತೆ ಹಿಡಿದಳು. ಪದ ಹೊರಬಂತು, ಅದರ ಹಿಂದೆ ಇನ್ನೊಂದು. ಒಂದು ಪುಟ ಮುಗಿಯುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಉಳಿದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮೆಲಿಸ್ ಬಂದು ಹೊರಡೋಣವೇ ಎಂದು ಸನ್ನೆ ಮಾಡಿದ. ಜುಮಾದಿಲ್ ಕೋಲನ್ನು ಗೋಡೆಗೆ ಒರಗಿಸಿಟ್ಟು, ಹುಡುಗಿ ಪುಟ ತಿರುಗಿಸುವುದನ್ನೇ ನೋಡುತ್ತ ಕೂತ.