ತುಂಬಿದ ಕೆನ್ನೆ

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸವೆಂದರೆ ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿ, ಕನ್ನಡಿ ಹಿಡಿಯುವುದು. ಗಿರಾಕಿಯ ಮುಖದ ಪಕ್ಕದಲ್ಲೇ ದಿನವಿಡೀ ತನ್ನ ಮುಖವೂ ಕಾಣುತ್ತಿತ್ತು. ಐವತ್ತು ದಾಟಿದ ಮೇಲೆ ಮೂಗಿನ ಬದಿಯಿಂದ ಬಾಯಿಯ ಕೊನೆಯವರೆಗೆ ಎರಡು ಗೆರೆಗಳು ಆಳವಾಗಿ ಇಳಿದಿದ್ದವು. ಮೊದಲೇ ಒಣಕಲಾಗಿದ್ದ ಕೆನ್ನೆ ಇನ್ನಷ್ಟು ಒಳಸೇರಿತ್ತು. ಅವಳು ಕನ್ನಡಿಯನ್ನು ಓರೆಯಾಗಿ ಹಿಡಿಯತೊಡಗಿದಳು.

"ಕನ್ನಡಕ ಮಾರೋಳೇ ಕನ್ನಡಿಗೆ ಹೆದರಿದ್ರೆ ಹೇಗಮ್ಮಾ?" ಎಂದು ಅಂಗಡಿಯ ಯಜಮಾನರು ನಕ್ಕರು. ಅವಳೂ ನಕ್ಕಳು. ಮಾತು ಮಾತ್ರ ನಾಟಿತು.

ಗಂಡ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಾಗ ಪಕ್ಕದ ಬೀದಿಯ ಚರ್ಮದ ಡಾಕ್ಟರ ಬಳಿ ಹೋದಳು. ಡಾಕ್ಟರಮ್ಮ ಮುಲಾಮು ಹಚ್ಚಿ ಮುಖ ಮರಗಟ್ಟಿಸಿ, ಗೆರೆಗಳ ಉದ್ದಕ್ಕೂ ಕೆನ್ನೆಯ ಮೂಳೆಯ ಮೇಲೂ ಚರ್ಮ ತುಂಬಿಸುವ ಫಿಲ್ಲರ್ ಇಂಜೆಕ್ಷನ್ ಕೊಟ್ಟರು. ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ, ಬೇಡವೆನಿಸಿದರೆ ಮೊದಲೇ ಕರಗಿಸಬಹುದು ಎಂದೂ ಹೇಳಿದರು.

ಊತ ಇಳಿದ ಮೇಲೆ ಒಂದು ಬೆಳಿಗ್ಗೆ ಬಚ್ಚಲಮನೆಯ ಕನ್ನಡಿ ನೋಡಿದವಳ ಕೈಯಿಂದ ಟವೆಲು ಜಾರಿತು. ಎದುರಿಗೆ ಅಕ್ಕ ನಿಂತಿದ್ದಳು.

ಅಕ್ಕತಂಗಿಯರ ಕಣ್ಣು, ಹಣೆ, ಮೂಗು ಎಲ್ಲ ಒಂದೇ ಅಚ್ಚು. ಅಕ್ಕನ ಕೆನ್ನೆ ಮಾತ್ರ ತುಂಬಿಕೊಂಡಿತ್ತು. ಮದುವೆಯಾದ ಸ್ವಲ್ಪ ಕಾಲಕ್ಕೇ ಜ್ವರ ಬಂದು ಅಕ್ಕ ತೀರಿಕೊಂಡಾಗ, ಹಿರಿಯರು ಕೂತು ಮಾತಾಡಿ ಭಾವನಿಗೇ ಇವಳನ್ನು ಕೊಟ್ಟಿದ್ದರು. ಭಾವ ಗಂಡನಾದ. ಒಳ್ಳೆಯ ಗಂಡನೇ, ಒಂದು ದಿನವೂ ದನಿ ಎತ್ತಿದವನಲ್ಲ. ಅಕ್ಕನ ಹೆಸರು ಅವನ ಬಾಯಿಗೆ ಬರಲಿಲ್ಲ, ಬೇರೆ ಮಾತೂ ಹೆಚ್ಚು ಬರಲಿಲ್ಲ.

ಅವನು ಊರಿಂದ ಬಂದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ಕೈಚೀಲ ಹಿಡಿದವನು ಹೊಸಿಲಲ್ಲೇ ನಿಂತುಬಿಟ್ಟ.

"ಯಾವಾಗ ಬಂದೆ?" ಎಂದ.

ಪ್ರಯಾಣ ಮಾಡಿ ಬಂದವನು ಅವನು. ಅವಳು ಮಡಿಸುತ್ತಿದ್ದ ಬಟ್ಟೆ ಬದಿಗಿಟ್ಟಳು. ಇಂಜೆಕ್ಷನ್ನಿನ ವಿಷಯ ಹೇಳಿದಳು. ಕೇಳಿಸಿಕೊಂಡ, ತಲೆಯಾಡಿಸಿದ, ಮುಖದಿಂದ ಕಣ್ಣು ಕೀಳಲಿಲ್ಲ.

ಅಂದಿನಿಂದ ಅವನು ಮಾತಾಡತೊಡಗಿದ. ಅವಳಿಗಾಗಿ ಕುರ್ಚಿ ಎಳೆದುಕೊಟ್ಟ. ದೋಣಿ ಹತ್ತುವಾಗ ಚಪ್ಪಲಿ ನೀರಿಗೆ ಬಿದ್ದದ್ದು ನೆನಪಿದೆಯಾ ಎಂದು ಕೇಳಿ ನಕ್ಕ. ಅವಳು ಯಾವ ದೋಣಿಯನ್ನೂ ಹತ್ತಿದವಳಲ್ಲ. ಆದರೂ ಹೂಂ ಎಂದಳು. ಇಷ್ಟು ವರ್ಷ ಕಾದಿದ್ದ ನಗು ಅದು. ಬೇರೆಯವರದೆಂದು ಗೊತ್ತಿದ್ದೂ ತಳ್ಳಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಅಂಗಡಿಯಲ್ಲಿ ಕನ್ನಡಿ ಹಿಡಿದಾಗ, ಗಿರಾಕಿಯ ಭುಜದ ಪಕ್ಕದಿಂದ ಅಕ್ಕ ತನ್ನನ್ನೇ ದಿಟ್ಟಿಸುತ್ತಿದ್ದಾಳೆ ಅನಿಸಿ ಅದನ್ನು ಮತ್ತೆ ಓರೆ ಮಾಡಿದಳು.

ಒಂದು ಮಧ್ಯಾಹ್ನ ಅವನು ಸೋಫಾದ ಮೇಲೆ ಮಂಪರಿನಲ್ಲಿದ್ದ. ಅವಳು ಕಾಫಿ ತಂದಿಟ್ಟಾಗ ಅರೆಗಣ್ಣು ತೆರೆದ.

"ನಿನ್ನ ತಂಗಿ ಹೋದ್ಲಾ?"

ಅವಳು ಕಾಫಿ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು. "ಹೋದ್ಲು," ಎಂದಳು.

"ಪಾಪ. ಅವಳಿಗೆ ನಾನು ಏನೂ ಕೊಡ್ಲಿಲ್ಲ," ಎಂದು ಮತ್ತೆ ಕಣ್ಣು ಮುಚ್ಚಿದ.

ಮರುದಿನವೇ ಅವಳು ಡಾಕ್ಟರ ಮುಂದೆ ಕೂತು ಕರಗಿಸಿಬಿಡಿ ಎಂದಳು. ಇಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದು ಡಾಕ್ಟರಮ್ಮನಿಗೆ ಬೇಸರ. ಇದು ನನ್ನದಲ್ಲ ಎಂದಷ್ಟೇ ಹೇಳಿ ಅವಳು ಮುಖ ಒಡ್ಡಿದಳು.

ಎರಡು ದಿನದಲ್ಲಿ ಕೆನ್ನೆ ಇಳಿಯಿತು, ಗೆರೆಗಳು ಮರಳಿದವು. ಊಟಕ್ಕೆ ಬಂದ ಗಂಡ ಅವಳನ್ನು ನೋಡಿದ. ತಟ್ಟೆ ಬಿಟ್ಟು ಕಿಟಕಿಯ ಕಡೆ ತಿರುಗಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು. ಅಕ್ಕನನ್ನು ಮನೆಯಿಂದ ಎತ್ತಿಕೊಂಡು ಹೋದ ದಿನವೂ ಅವನು ಅತ್ತಿರಲಿಲ್ಲ. ಅವಳು ಹೋಗಿ ಬೆನ್ನ ಮೇಲೆ ಕೈಯಿಟ್ಟಳು.

"ನಾನು ತಂಗಿ ರೀ."

"ಗೊತ್ತು," ಎಂದ. ಕೈ ಸರಿಸಲಿಲ್ಲ.

ಈಗ ಮನೆಯಲ್ಲಿ ಎಂದಿನಂತೆ ಮಾತು ಕಡಿಮೆ. ಕುರ್ಚಿ ಮಾತ್ರ ಅವನು ಈಗಲೂ ಎಳೆದುಕೊಡುತ್ತಾನೆ. ಆದರೆ ಬಾಗಿಲ ಬೆಲ್ ಆದಾಗ, ಅವಳು ಪಕ್ಕದಲ್ಲೇ ಕೂತಿದ್ದರೂ, ಅವನು ದಡಬಡಿಸಿ ಏಳುತ್ತಾನೆ. ಕೊರಿಯರಿನವನೋ ಗ್ಯಾಸಿನವನೋ ಬಂದಿರುತ್ತಾನೆ. ಅವನು ಬಾಗಿಲು ಹಾಕಿ ಬಂದು ಕೂರುತ್ತಾನೆ. ಯಾರನ್ನು ಕಾಯುತ್ತಿದ್ದೀರಿ ಎಂದು ಅವಳು ಕೇಳುವುದಿಲ್ಲ.